ಗೊಂಬೆ ಅತ್ತೆಯ ಸರ್ಕೀಟು

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೊದಲು ಮೂಗಿಗೆ ಬಂದದ್ದು ನುಸಿಗುಳಿಗೆಯ ವಾಸನೆ. ಅದು ಸ್ವಲ್ಪ ಆರಿದ ಮೇಲೆ ಹಳೆಯ ಮರದ ಪರಿಮಳ. ರೇಷ್ಮೆ ಸೀರೆಯ ಹರುಕಿನಲ್ಲಿ ಸುತ್ತಿಟ್ಟಿದ್ದ ಮರದ ರಾಜ ರಾಣಿಯರನ್ನು ಬಿಚ್ಚಿ ಊಟದ ಮೇಜಿನ ಮೇಲೆ ನಿಲ್ಲಿಸಿದೆ. ಮೇಜಿನ ಇನ್ನೊಂದು ತುದಿಯಲ್ಲಿ ನನ್ನ ಮಗಳು ಮೊಬೈಲಿನಲ್ಲಿ ಭೂಪಟ ತೆರೆದುಕೊಂಡು ಕೂತಿದ್ದಳು. ಇಲ್ಲೇ ಮೈಸೂರಿನ ಹೆಬ್ಬಾಳದ ಕಡೆ ಕೆಲಸ ಅವಳಿಗೆ. ದಸರಾ ಬಂತೆಂದರೆ ಊರ ನಡುವಿನ ದಾರಿಗಳೆಲ್ಲ ಬಂದ್ ಆಗಿ, ಸಂಜೆ ಅವಳ ಬಸ್ಸು ಎಲ್ಲೆಲ್ಲೋ ಸುತ್ತಿ ಮನೆ ಮುಟ್ಟಿಸುವಷ್ಟರಲ್ಲಿ ಅವಳಿಗೆ ಹಬ್ಬವೇ ಬೇಡವಾಗಿರುತ್ತದೆ. ಅದಕ್ಕೇ ಈ ಸಲ ರಜೆ ಹಾಕಿ, ಕೆಲವು ದಿನ ಉತ್ತರ ಕನ್ನಡದ ಜಲಪಾತಗಳನ್ನು ಸುತ್ತಿ ಬರೋಣವೆಂದು ಹಟ ಹಿಡಿದಿದ್ದಾಳೆ.

"ಉಂಚಳ್ಳಿ, ಮಾಗೋಡು, ಸಾತೊಡ್ಡಿ. ಜೋಗ ಬೇಡ ಅಮ್ಮ, ಅದನ್ನ ಎಲ್ರೂ ನೋಡಿದಾರೆ" ಎಂದಳು. ಆಮೇಲೆ ತಲೆಯೆತ್ತಿ ಮೇಜಿನ ಮೇಲಿದ್ದವರನ್ನು ನೋಡಿ, "ಇವರನ್ನೇನ್ ಮಾಡ್ತೀಯಾ? ಕೂರಿಸ್ಬುಟ್ಟು ಬಿಟ್ಟು ಹೋಗೋ ಹಾಗಿಲ್ಲ ಅಂತೀಯಲ್ಲ" ಎಂದು ಕೇಳಿದಳು.

ನಾನು ರಾಜನನ್ನು ಎತ್ತಿ ಬುಡಮೇಲು ಮಾಡಿದೆ. ಪೀಠದ ಅಡಿಯಿಂದ ಪಾದದವರೆಗೆ ಕೆಂಪು ಮರದ ಬಣ್ಣ ಇಳಿದು, ಬಿಳಿಚಿಕೊಂಡ ನೀರಿನ ಕಲೆ. ಎಷ್ಟು ಎಣ್ಣೆ ಹಚ್ಚಿ ತಿಕ್ಕಿದರೂ ಹೋಗದ ಕಲೆ ಅದು. ಅದನ್ನು ನೋಡಿದ ಕೂಡಲೇ ನಗು ಬಂತು. "ಇವರಿಗೆ ಪ್ರಯಾಣ ಹೊಸದಲ್ಲ ಕಣೇ" ಎಂದೆ. ಮಗಳಿಗೆ ಅರ್ಥವಾಗಲಿಲ್ಲ. ಅವಳು ಹುಟ್ಟುವ ಮೊದಲಿನ ಮಾತು ಇದು.

ಮದುವೆಯಾಗಿ ನಾನು ಮೈಸೂರಿಗೆ ಬಂದಾಗ ನಮ್ಮದು ಅಗ್ರಹಾರದ ಒಂದು ಸಣ್ಣ ಬೀದಿಯಲ್ಲಿ ಬಾಡಿಗೆ ಮನೆ. ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. ಬೀದಿ ಎಷ್ಟು ಕಿರಿದೆಂದರೆ, ನಮ್ಮ ಬಾಗಿಲಲ್ಲಿ ನಿಂತು ಒಗ್ಗರಣೆ ಹಾಕಿದರೆ ಎದುರುಮನೆಯವರು ಸೀನುತ್ತಿದ್ದರು. ಆ ಎದುರುಮನೆಯಲ್ಲಿದ್ದವರು ಗೊಂಬೆ ಅತ್ತೆ. ನನಗೇನೂ ನೆಂಟರಲ್ಲ, ಬೀದಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ದಸರೆಯಲ್ಲಿ ಅವರ ಮನೆಯ ಗೊಂಬೆ ನೋಡಲು ಪಕ್ಕದ ಬೀದಿಗಳಿಂದಲೂ ಜನ ಬರುತ್ತಿದ್ದರು. ಅವರ ಯಜಮಾನರು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವ ಮೇಷ್ಟ್ರು.

ಮನೆಗೆ ಹಾಲು ಉಕ್ಕಿಸಿದ ದಿನವೇ ಅತ್ತೆ ಅರಿಶಿನ ಕುಂಕುಮಕ್ಕೆ ಕರೆದು, ತಮ್ಮ ಜಗಲಿಯ ಮೇಲೆ ಕೂರಿಸಿಕೊಂಡು, ಯಾವೂರು ಎಂದು ಕೇಳಿದರು. ಸಾಗರ ಎಂದೆ. ನನ್ನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ.

"ಹಂಗಾದ್ರೆ ಜೋಗ ನೋಡಿದೀಯಾ? ತುಂಬಿದಾಗ?"

ನೋಡಿದ್ದೇನೆ ಎಂದೆ. ಮನೆಗೆ ಯಾರೇ ನೆಂಟರು ಬಂದರೂ ಅವರನ್ನು ಜೋಗಕ್ಕೆ ಕರೆದುಕೊಂಡು ಹೋಗುವುದು ನಮ್ಮೂರಿನವರ ಹಣೆಬರಹ. ನೆಂಟರು ಕಟಕಟೆ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿರುವಾಗ ನಾವು ಮಂಡಕ್ಕಿ ಮೆಲ್ಲುತ್ತಾ ಬಸ್ಸಿಗೆ ಹೊತ್ತಾಯಿತು ಎಂದು ಗೊಣಗುತ್ತಿದ್ದೆವು. ಮೈಸೂರಿನವರು ಅರಮನೆಯ ಮುಂದೆ ತರಕಾರಿ ಚೀಲ ಹಿಡಿದು ಹಾದುಹೋಗುವ ಹಾಗೆ. ಆದರೆ ಅತ್ತೆ ಅಷ್ಟಕ್ಕೆ ಬಿಡುವವರಲ್ಲ. ನೀರು ಮೇಲಿಂದ ನೇರ ಕೆಳಗೆ ಬೀಳುತ್ತದೋ, ನಡುವೆ ಕಲ್ಲಿಗೆ ತಾಗಿ ಬೀಳುತ್ತದೋ? ಹತ್ತಿರ ನಿಂತರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತದೋ? ಬೀಳುವ ನೀರಿಗೆ ವಾಸನೆ ಇದೆಯೋ? ಹಕ್ಕಿಗಳು ಅದರ ಮುಂದೆಯೇ ಹಾರುತ್ತವೋ, ಹೆದರಿ ದೂರ ಇರುತ್ತವೋ? ನಾನು ಏನೋ ಒಂದು ಹೇಳಿದೆ. ಜೋಗದ ನಾಲ್ಕು ಧಾರೆಗಳಲ್ಲಿ ರಾಜ, ರಾಣಿ ಎರಡೂ ಅಕ್ಕಪಕ್ಕದಲ್ಲಿ ಬೀಳುತ್ತವೆ ಎಂದೂ ಸೇರಿಸಿದೆ.

"ಇಲ್ಲ ಕಣಮ್ಮ" ಎಂದರು ಅತ್ತೆ. "ರಾಜ ಆ ತುದಿ, ರಾಣಿ ಈ ತುದಿ. ಮಧ್ಯೆ ಇನ್ನಿಬ್ಬರು ಗಲಾಟೆಯವರು. ಒಬ್ಬ ಅರ್ಧದಲ್ಲಿ ಹೋಗಿ ರಾಜನ ಜೊತೆ ಸೇರ್ಕೊಂಬುಡ್ತಾನೆ."

ಹೌದಲ್ಲ ಎನಿಸಿತು. ಅತ್ತೆ ಜೋಗಕ್ಕೆ ಒಮ್ಮೆ ಹೋಗಿದ್ದರಂತೆ, ಮದುವೆಯಾದ ಹೊಸದರಲ್ಲಿ. ಮೇಷ್ಟ್ರಿಗೆ ಬಿಡುವು ಸಿಗುವುದೇ ಬೇಸಿಗೆ ರಜದಲ್ಲಿ, ಹಾಗಾಗಿ ಹೋದದ್ದು ಮೇ ತಿಂಗಳಲ್ಲಿ. ಜಲಪಾತವೇ ಇರಲಿಲ್ಲ. ಅಷ್ಟು ದೊಡ್ಡ ಕಪ್ಪು ಬಂಡೆ, ಅದರ ಮೇಲೆ ನಲ್ಲಿ ನಿಂತ ಮೇಲೂ ತೊಟ್ಟಿಕ್ಕುವಂಥ ನಾಲ್ಕು ಗೆರೆ. ಹೊಸ ಮದುವಣಗಿತ್ತಿ ಮಧ್ಯಾಹ್ನವೆಲ್ಲ ಅದನ್ನೇ ನೋಡುತ್ತಾ ಕೂತಿದ್ದರಂತೆ. ಎಲ್ಲಿ ಕಲ್ಲು ಚಾಚಿದೆ, ಎಲ್ಲಿ ಒಳಗೆ ಕೊರೆದಿದೆ, ಯಾವ ಗೆರೆ ಎಲ್ಲಿಂದ ಇಳಿಯುತ್ತದೆ ಎಲ್ಲವೂ ಕಣ್ಣಿಗೆ ಕಟ್ಟಿತ್ತು. "ನೀನು ನೀರು ನೋಡಿದೀಯ, ನಾನು ಕಲ್ಲು ನೋಡಿದೀನಿ. ಇಬ್ಬರೂ ಕೂಡಿದ್ರೆ ಒಂದು ಜೋಗ ಆಗತ್ತೆ" ಎಂದು ನಕ್ಕರು. ನಗುತ್ತಲೇ ಇನ್ನೊಂದು ಮಾತು ಹೇಳಿದರು: ಸಾಯುವುದರೊಳಗೆ ಒಂದೇ ಒಂದು ಸಲ ಅದು ತುಂಬಿ ಬೀಳುವುದನ್ನು ನೋಡಬೇಕು. ಆ ಮಾತು ನಗುವಿನದಾಗಿರಲಿಲ್ಲ.

ಹಾಗಿದ್ದರೆ ಹೋಗಿ ಬರಬಹುದಿತ್ತಲ್ಲ ಎಂದು ಯಾರಾದರೂ ಕೇಳುತ್ತಾರೆ. ನಾನೂ ಕೇಳಿದ್ದೆ. ಅತ್ತೆ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಆಷಾಢದಲ್ಲಿ ನೀರಿರುತ್ತದೆ, ಆದರೆ ಶಾಲೆ ಈಗಷ್ಟೇ ತೆರೆದಿರುತ್ತದೆ, ಜೊತೆಗೆ ಪ್ರತಿ ಶುಕ್ರವಾರ ಬೆಟ್ಟ ಹತ್ತುವ ಹರಕೆ. ಶ್ರಾವಣದಲ್ಲಿ ಹಬ್ಬದ ಬೆನ್ನಿಗೆ ಹಬ್ಬ. ಭಾದ್ರಪದದಲ್ಲಿ ಗೌರಿ ಗಣೇಶ, ಗಣೇಶನನ್ನು ಬಿಟ್ಟು ಬಂದರೆ ಪಿತೃಪಕ್ಷ. ಅದಾದ ಮೇಲೆ ದಸರಾ ರಜೆ. ಮಳೆ ಹಿಂದೆ ಸರಿದು, ನೀರು ಇನ್ನೂ ಉಳಿದು, ಶಾಲೆಗೂ ಬಿಡುವಿರುವ ಹೊತ್ತು ವರ್ಷಕ್ಕೆ ಅದೊಂದೇ. ಇಡೀ ರಾಜ್ಯದವರು ಅದೇ ಹೊತ್ತಿಗೆ ಪ್ರವಾಸ ಹೊರಡುತ್ತಾರೆ. ಎಲ್ಲಿಗೆ? ಮೈಸೂರಿಗೆ. ಊರೂರಿನ ನೆಂಟರು ಹಾಸಿಗೆ ಸುರುಳಿ ಸಮೇತ ಬಂದಿಳಿಯುವಾಗ ಮೈಸೂರಿನವರು ಮನೆಗೆ ಬೀಗ ಹಾಕಿಕೊಂಡು ಹೋಗುವುದುಂಟೇ?

ನೆಂಟರನ್ನಾದರೂ ಹೇಗೋ ಸುಧಾರಿಸಬಹುದು. ಪಟ್ಟದ ಗೊಂಬೆಗಳನ್ನು ಸುಧಾರಿಸುವುದು ಹೇಗೆ? ನಮ್ಮ ಕಡೆ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲವಾದ್ದರಿಂದ ಇದೆಲ್ಲ ನನಗೆ ಅತ್ತೆಯೇ ಹೇಳಿಕೊಟ್ಟದ್ದು. ಮದುವೆಯಲ್ಲಿ ತಾಯಿ ಮಗಳಿಗೆ ಮರದ ರಾಜ ರಾಣಿಯರನ್ನು ಕೊಡುತ್ತಾಳೆ. ಅವರೇ ಪಟ್ಟದ ಗೊಂಬೆಗಳು. ನವರಾತ್ರಿಯ ಪಾಡ್ಯದ ದಿನ ಅವರನ್ನು ಗೊಂಬೆ ಜೋಡಿಸುವ ಮೆಟ್ಟಿಲಿನ ತುದಿಯಲ್ಲಿ ಕೂರಿಸಿದರೆ, ವಿಜಯದಶಮಿ ಕಳೆದು ಮಲಗಿಸುವವರೆಗೆ ಪ್ರತಿ ಸಂಜೆ ದೀಪ ಹಚ್ಚಿ ಆರತಿ ಎತ್ತಬೇಕು. ಒಂದು ವರ್ಷವೂ ತಪ್ಪಿಸುವ ಹಾಗಿಲ್ಲ, ಒಂದು ಸಂಜೆಯೂ ತಪ್ಪಿಸುವ ಹಾಗಿಲ್ಲ. ಅಂಗೈ ಮೇಲೆ ನಿಲ್ಲುವಷ್ಟಿದ್ದ ಇಬ್ಬರು ಮರದ ಜನ ಅತ್ತೆಯನ್ನು ಪ್ರತಿ ದಸರೆಯಲ್ಲಿ ಮನೆಯೊಳಗೆ ಕಟ್ಟಿಹಾಕಿದ್ದರು.

ಅತ್ತೆ ಕೈಕಟ್ಟಿ ಕೂರುವವರಲ್ಲ. ತಾವು ಜಲಪಾತಕ್ಕೆ ಹೋಗಲಾಗದಿದ್ದರೆ ಜಲಪಾತವನ್ನೇ ಮನೆಗೆ ಕರೆಸಿಕೊಂಡರು. ಗೊಂಬೆ ಮೆಟ್ಟಿಲಿನ ಪಕ್ಕದಲ್ಲಿ ಎಲ್ಲರೂ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿ ಒಂದು ಸಣ್ಣ ಉದ್ಯಾನ ಮಾಡಿದರೆ, ಇವರು ನಡುಮನೆಯ ಅರ್ಧ ಭಾಗಕ್ಕೆ ಮಣ್ಣು ಹೊರಿಸಿ ಘಟ್ಟವನ್ನೇ ಎಬ್ಬಿಸುತ್ತಿದ್ದರು. ಪಿತೃಪಕ್ಷದಲ್ಲೇ ಚೆಲ್ಲಿದ ರಾಗಿ ಪಾಡ್ಯದ ಹೊತ್ತಿಗೆ ಎದ್ದು ನಿಂತು ಕಾಡಾಗುತ್ತಿತ್ತು. ಆ ಹಸಿ ಮಣ್ಣು, ಮೊಳೆತ ರಾಗಿಯ ವಾಸನೆ ಬೀದಿಯವರೆಗೂ ಬರುತ್ತಿತ್ತು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನೆಂಟರೊಬ್ಬರು ತಂದುಕೊಟ್ಟ ಸಲೈನ್ ಬಾಟಲಿ, ಅದರ ಸಣ್ಣ ಕೊಳವೆಗಳು ಮೆಟ್ಟಿಲಿನ ಹಿಂದೆ ತೂಗಾಡುತ್ತಿದ್ದವು. ಕೊಳವೆಯ ಚಕ್ರ ಸ್ವಲ್ಪ ತಿರುಗಿಸಿದರೆ ಬೇಸಿಗೆಯ ಜೋಗ, ಇನ್ನಷ್ಟು ತಿರುಗಿಸಿದರೆ ಮಳೆಗಾಲದ್ದು.

ಪ್ರತಿ ವರ್ಷ ಅದಕ್ಕೆ ಒಂದೊಂದು ಜಲಪಾತ ಸೇರುತ್ತಿತ್ತು. ಬರುವ ನೆಂಟರು ಹೇಳಿದ್ದರಿಂದ ಅವು ಹುಟ್ಟುತ್ತಿದ್ದವು. ಕೊಳ್ಳೇಗಾಲದಿಂದ ಬಂದವರಿಗೆ ಕಾಫಿ ಕೊಡುವ ಮೊದಲೇ ಭರಚುಕ್ಕಿಯ ವಿಚಾರ. ಕೊಡಗಿನವರು ಸಿಕ್ಕರೆ ಇರ್ಪು. ಶಿರಸಿ ಕಡೆಯ ಒಬ್ಬರು ಉಂಚಳ್ಳಿಯ ಬಗ್ಗೆ ಹೇಳಿದಾಗ ಅತ್ತೆ ಅವರನ್ನು ಅಡುಗೆಮನೆಗೇ ಕರೆದುಕೊಂಡು ಹೋಗಿ, ಚಪಾತಿ ಹಿಟ್ಟಿನಲ್ಲಿ ಬೆಟ್ಟ ಮಾಡಿಸಿ, ನೀರು ಎಲ್ಲಿಂದ ಬೀಳುತ್ತದೆಂದು ಬೆರಳಲ್ಲಿ ಗೀರಿಸಿದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮುಂದೆ ಇಟ್ಟು ತಾಳೆ ನೋಡುತ್ತಿದ್ದರು. ಬಂದವರು ಜಂಬೂಸವಾರಿಯ ಕನಸಿನಲ್ಲಿದ್ದರೆ, ಮನೆಯೊಡತಿ ಅವರೂರಿನ ಹಳ್ಳಕೊಳ್ಳದ ವಿಚಾರಣೆ ಮಾಡುತ್ತಿದ್ದರು. ಕೆಲವರಿಗೆ ಬೇಸರವೂ ಆಗುತ್ತಿತ್ತು. ನನಗಂತೂ ಆ ವಿಚಾರಣೆ ಕೇಳುವುದೇ ದಸರಾ.

ಹೀಗೆ ಕೇಳಿ ಕೇಳಿ ಅತ್ತೆಯ ಬಾಯಲ್ಲಿ ಒಂದು ಪ್ರವಾಸವೇ ತಯಾರಾಗಿತ್ತು. ಮೊದಲು ಜೋಗ, ಅಲ್ಲಿಂದ ಸಿದ್ದಾಪುರದ ಮೇಲೆ ಉಂಚಳ್ಳಿ, ಶಿರಸಿಯಲ್ಲಿ ತಂಗು, ಯಲ್ಲಾಪುರಕ್ಕೆ ಹೋಗಿ ಮಾಗೋಡು, ಸಾತೊಡ್ಡಿ. ಸಂಜೆ ನಾವಿಬ್ಬರೂ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಆ ದಾರಿಯಲ್ಲಿ ಎಷ್ಟು ಸಲ ಹೋಗಿ ಬಂದೆವೋ... ಎಲ್ಲಿ ಬಸ್ಸು ಬದಲಿಸಬೇಕು, ಎಲ್ಲಿ ಬಿಸಿನೀರು ಸಿಗುತ್ತದೆ, ಯಾವ ದಿನಕ್ಕೆ ಯಾವ ಬುತ್ತಿ. ಮೊದಲ ದಿನ ಚಪಾತಿ, ಎರಡನೆಯ ದಿನಕ್ಕೆ ಹಾಲು ಹೆಚ್ಚು ಹಾಕಿ ಒಂದೇ ಚಮಚ ಮೊಸರು ಬಿಟ್ಟ ಅನ್ನ, ಆಮೇಲೆ ಗೊಜ್ಜವಲಕ್ಕಿ. ಮೇಷ್ಟ್ರು ಒಳಗಿನಿಂದಲೇ, "ಊಟದ ವ್ಯವಸ್ಥೆ ಆಯ್ತು, ಇನ್ನು ಜಲಪಾತ ಒಂದು ಬಾಕಿ" ಎಂದು ಛೇಡಿಸುತ್ತಿದ್ದರು. ಅವರು ಮಾತ್ರ ಒಂದು ದಿನವೂ ಜಲಪಾತದ ಬಗ್ಗೆ ಏನನ್ನೂ ಕೇಳಿದವರಲ್ಲ. ಪುಸ್ತಕದಲ್ಲಿ ಎತ್ತರ ಬರೆದಿದೆಯಲ್ಲ, ಇನ್ನೇನು ತಿಳಿಯಬೇಕು ಎನ್ನುವ ಜಾತಿ.

ಅನಾಹುತ ಆದದ್ದು ಒಂದು ವಿಜಯದಶಮಿಯ ಮಧ್ಯಾಹ್ನ. ಆ ವರ್ಷ ಅತ್ತೆಗೆ ಒಂದು ಹೊಸ ಉಮೇದು ಬಂದು, ಜೋಗದ ನೆತ್ತಿಯನ್ನು ಮೆಟ್ಟಿಲಿನ ತುದಿಗೇ ಏರಿಸಿ, ಪಟ್ಟದ ರಾಜ ರಾಣಿಯರನ್ನು ಅದರ ಮುಂದೆಯೇ ಕೂರಿಸಿದ್ದರು. ಅವರೂ ನೋಡಲಿ ಎಂದು. ನಾವೆಲ್ಲ, ನೆಂಟರ ದಂಡೂ ಸೇರಿ, ಸಯ್ಯಾಜಿರಾವ್ ರಸ್ತೆಯ ಪರಿಚಯದವರೊಬ್ಬರ ಮಹಡಿಗೆ ಜಂಬೂಸವಾರಿ ನೋಡಲು ಹೋದೆವು. ಹೊರಡುವ ಗಡಿಬಿಡಿಯಲ್ಲಿ ಯಾರ ಸೆರಗು ತಾಗಿತೋ, ಕೊಳವೆಯ ಚಕ್ರ ಪೂರ್ತಿ ಸಡಿಲವಾಗಿತ್ತು. ಆನೆ ನೋಡಿ ದಣಿದು ಬಂದು ಬಾಗಿಲು ತೆಗೆದರೆ, ಮೆಟ್ಟಿಲ ಮೇಲಿನಿಂದ ಕೆಳಗಿನವರೆಗೆ ಬಿಳಿ ಬಟ್ಟೆಯ ಮೇಲೆ ಬಣ್ಣ ಬಣ್ಣದ ನೀರು ಇಳಿದಿತ್ತು. ಶೆಟ್ಟಿ ಗೊಂಬೆಯ ಮಣ್ಣಿನ ಅಂಗಡಿ ಕರಗಿ ಶೆಟ್ಟಿಯೊಬ್ಬನೇ ಉಳಿದಿದ್ದ. ವಾಲಗದವರ ಮುಖದಲ್ಲಿ ಮೀಸೆ ಹರಿದು ಗಲ್ಲಕ್ಕೆ ಬಂದಿತ್ತು. ಪಟ್ಟದ ರಾಜ ನೀರಿನ ಮಡುವಿನಲ್ಲಿ ಪಾದ ನೆನೆಸಿಕೊಂಡು ನಿಂತಿದ್ದ.

ಅಪಶಕುನ ಎಂದು ನೆಂಟರಲ್ಲಿ ಯಾರೋ ಶುರು ಮಾಡಿದರು. ಅತ್ತೆ ನೆಲದ ಮೇಲೆ ಕೂತು, ಒಂದೊಂದೇ ಗೊಂಬೆಯನ್ನು ಸೆರಗಿನಿಂದ ಒತ್ತಿ ಒತ್ತಿ ಒರೆಸುತ್ತಿದ್ದರು. ಅವರ ಅಮ್ಮ ಕೊಟ್ಟ ರಾಜನನ್ನು ಒರೆಸುವಾಗ ಕಣ್ಣಲ್ಲಿ ನೀರಿತ್ತು. ಮೇಷ್ಟ್ರು ಬಾಗಿಲಲ್ಲೇ ಜರಿ ಪೇಟ ಹಿಡಿದು ನಿಂತಿದ್ದವರು, ಎಲ್ಲವನ್ನೂ ನೋಡಿ, ಬೈಯುತ್ತಾರೆಂದು ನಾವು ಕಾಯುತ್ತಿರುವಾಗ, ಮೆಲ್ಲಗೆ ಹೇಳಿದರು: "ಸಾಕು ಬುಡು. ಇನ್ಮೇಲೆ ಮನೇಲಿ ಜೋಗ ಬೇಡ. ಬರೋ ವರ್ಷ ಹೋಗಿ ನೋಡ್ಕೊಂಡೇ ಬಂದ್ಬುಡೋಣ."

"ಇವರನ್ನ?" ಎಂದರು ಅತ್ತೆ, ಕೈಯಲ್ಲಿದ್ದ ರಾಜನನ್ನು ತೋರಿಸಿ.

ಆ ಪ್ರಶ್ನೆಗೆ ಉತ್ತರ ಹುಡುಕಲು ಅತ್ತೆಗೆ ಮುಂದಿನ ಯುಗಾದಿ ಕಳೆಯಬೇಕಾಯಿತು. ಒಂದು ಬೆಳಿಗ್ಗೆ ನಾನು ರಂಗೋಲಿ ಹಾಕುತ್ತಿದ್ದಾಗ ಬೀದಿ ದಾಟಿ ಬಂದು ನನ್ನೆದುರು ಕುಕ್ಕುರುಗಾಲಲ್ಲಿ ಕೂತು, "ಮಹಾರಾಜರು ಸರ್ಕೀಟು ಹೋಗ್ತಿದ್ರು ತಾನೇ?" ಎಂದರು. ಹೋಗುತ್ತಿದ್ದರು ಎಂದೆ. ರಾಜ್ಯದ ಊರುಗಳನ್ನು ನೋಡಿಕೊಂಡು ಬರುವುದಕ್ಕೆ ಹಳಬರು ಹೇಳುವ ಮಾತು ಅದು. "ಹೋದ ಕಡೆ ಪೂಜೆ, ದರ್ಬಾರು ಎಲ್ಲ ನಡೀತಿತ್ತು ತಾನೇ? ಅರಮನೇಲೇ ಕೂತಿರ್ಬೇಕು ಅಂತ ಯಾರೂ ಅನ್ನಲಿಲ್ಲ. ಹಂಗಾದ್ರೆ ನಮ್ಮ ರಾಜನ್ನ ಯಾಕೆ ಕಟ್ಟಿಹಾಕಿದೀವಿ? ಎತ್ಕೊಂಡು ಹೋಗೋಣ. ಎಲ್ಲಿ ಸಂಜೆ ಆಗತ್ತೋ ಅಲ್ಲಿ ಆರತಿ." ಇಷ್ಟು ವರ್ಷ ಗೊಂಬೆಗಳು ತನ್ನನ್ನು ಕಟ್ಟಿಹಾಕಿವೆ ಎಂದುಕೊಂಡಿದ್ದವರು, ತಾನೇ ಗೊಂಬೆಗಳನ್ನು ಕಟ್ಟಿಹಾಕಿದ್ದೇನೆ ಎಂಬ ತೀರ್ಮಾನಕ್ಕೆ ಬಂದಿದ್ದರು. ನನಗೆ ಅದರಲ್ಲಿ ತಪ್ಪು ಕಾಣಿಸಲಿಲ್ಲ.

ನೆಂಟರಿಗೆ ಕಂಡಿತು. ದಸರೆಗೆ ಮೈಸೂರಿನ ಮನೆ ಬಿಟ್ಟು ಹೋಗುವುದು ಎಂದರೆ ಅದೇನು ಸೊಕ್ಕು ಎಂದು ಮಾತು ಹಬ್ಬಿತು. ಅತ್ತೆ ನಂಜನಗೂಡಿನ ನಾದಿನಿಗೆ ಬೀಗದ ಕೈ ಕೊಟ್ಟು, ಬರುವವರು ಬಂದು ಮಾಡಿಕೊಂಡು ಉಣ್ಣಲಿ ಎಂದುಬಿಟ್ಟರು. ಆ ವರ್ಷ ಬೇರೆ ಗೊಂಬೆಗಳು ಪೆಟ್ಟಿಗೆಯಲ್ಲೇ ಉಳಿದವು. ಪಾಡ್ಯದ ದಿನ ರಾಜ ರಾಣಿಯರನ್ನಷ್ಟೇ ಮನೆಯಲ್ಲಿ ಪಟ್ಟಕ್ಕೆ ಕೂರಿಸಿ ಆರತಿ ಎತ್ತಿದರು. ಮಾರನೆಯ ಬೆಳಿಗ್ಗೆ ಇಬ್ಬರನ್ನೂ ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಬುತ್ತಿಯ ಚೀಲದ ಮೈಲಿಗೆ ತಾಗದ ಹಾಗೆ ಬೇರೆಯೇ ಒಂದು ಬೆತ್ತದ ಬುಟ್ಟಿಯಲ್ಲಿಟ್ಟುಕೊಂಡರು. ಅತ್ತೆ, ಮೇಷ್ಟ್ರು, ನಾನು, ನನ್ನ ಯಜಮಾನರು. ಬಸ್ಸಿನಲ್ಲಿ ಬುಟ್ಟಿಗೆ ಕಿಟಕಿ ಪಕ್ಕದ ಜಾಗ. ಸರಸ್ವತಿ ಪೂಜೆಯ ಹೊತ್ತಿಗೆ ಮನೆಗೆ ಬಂದು ಪುಸ್ತಕ ಇಡಬೇಕು ಎನ್ನುವುದು ಮೇಷ್ಟ್ರ ಒಂದೇ ಕರಾರು.

ಆ ವರ್ಷ ಮಳೆ ತಡವಾಗಿ ಹಿಡಿದದ್ದು, ದಸರೆ ಬಂದರೂ ಬಿಟ್ಟಿರಲಿಲ್ಲ. ಜೋಗದಲ್ಲಿ ಬಸ್ಸಿಳಿದಾಗ ಕಿವಿಗೆ ಬಿದ್ದದ್ದು ಶಬ್ದ. ನಾನು ಹುಟ್ಟಿದಾಗಿನಿಂದ ಕೇಳಿದ ಶಬ್ದ. ಅತ್ತೆ ಬುಟ್ಟಿಯನ್ನು ಎದೆಗವಚಿಕೊಂಡು ಹೆಚ್ಚುಕಡಿಮೆ ಓಡಿದರು. ಕಟಕಟೆ ಮುಟ್ಟಿ ನಿಂತರು. ಎದುರಿಗೆ ಏನೂ ಇಲ್ಲ. ನೆಲವೂ ಇಲ್ಲ, ಆಕಾಶವೂ ಇಲ್ಲ, ಬರೀ ಬೆಳ್ಳಗಿನ ಮಂಜು. ಮೊದಲ ಸಲ ಬಂದಾಗ ನೀರಿಲ್ಲದ ಕಲ್ಲು. ಈಗ ಕಲ್ಲೂ ಇಲ್ಲ, ನೀರೂ ಕಾಣದು. ನನಗೆ ನನ್ನ ಊರಿನ ಮೇಲೇ ಸಿಟ್ಟು ಬಂತು.

ಅಂದಿನ ಸಂಜೆ ಪ್ರವಾಸಿ ಬಂಗಲೆಯ ಕಿಟಕಿಯ ಕಟ್ಟೆಯ ಮೇಲೆ ರಾಜ ರಾಣಿ ಕೂತರು. ಅಡುಗೆಯಾಕೆ ಕುತೂಹಲದಿಂದ ಇಣುಕಿದಾಗ ಅತ್ತೆ ಒಳಗೆ ಕರೆದು, ಕುಂಕುಮ ಕೊಟ್ಟು, ಮೈಸೂರಿನಲ್ಲಿ ಕೊಡುವ ಹಾಗೇ ಗೊಂಬೆ ಬಾಗಿನವೆಂದು ಒಂದು ಕೋಡುಬಳೆ ಕೊಟ್ಟರು. ಕೊಟ್ಟವರು ವಿಚಾರಣೆಗೂ ಕೂತರು. ಮಂಜು ಯಾವಾಗ ಬಿಡುತ್ತದೆ? "ಅದು ಹೇಳಕ್ಕೆ ಬರಲ್ಲ ಅಮ್ಮಾ. ಬಿಟ್ರೆ ಬಿಟ್ತು" ಎಂದಳು ಆಕೆ.

ಮಾರನೆಯ ದಿನವೂ ಬಿಡಲಿಲ್ಲ. ಮಧ್ಯಾಹ್ನ ಸಿದ್ದಾಪುರದ ಬಸ್ಸು. ಮೇಷ್ಟ್ರು ಗಡಿಯಾರ ನೋಡಿಕೊಂಡರು. ಉಂಚಳ್ಳಿ ಕಾಯುತ್ತಿದೆ, ಶಿರಸಿಯಲ್ಲಿ ರೂಮು ಹೇಳಿದೆ. ಅತ್ತೆ ಕಟಕಟೆಯ ಬಳಿಯ ಕಲ್ಲುಬೆಂಚಿನಿಂದ ಏಳಲಿಲ್ಲ. "ನೀವೆಲ್ಲ ಹೋಗ್ಬುಟ್ಟು ಬನ್ನಿ. ನಾನು ಇಲ್ಲೇ ಕೂತಿರ್ತೀನಿ. ಇನ್ನೊಂದು ಸಲ ನೋಡ್ದೇ ತಿರುಗಿ ಹೋಗಕ್ಕಾಗಲ್ಲ ಕಣ್ರೀ" ಎಂದರು. ಜೋರಾಗಿ ಹೇಳಲಿಲ್ಲ. ಮೇಷ್ಟ್ರು ಅವರ ಮುಖ ನೋಡಿ, ಪಕ್ಕದಲ್ಲಿ ಕೂತುಬಿಟ್ಟರು. ಉಂಚಳ್ಳಿ ಹೋಯಿತು. ಅದರ ಮಾರನೆಯ ದಿನ ಮಾಗೋಡು ಹೋಯಿತು. ಜಗಲಿಯ ಮೇಲೆ ವರ್ಷಗಟ್ಟಲೆ ಕಟ್ಟಿದ ಪ್ರವಾಸ ಕಣ್ಣೆದುರಿಗೇ ಒಂದೊಂದಾಗಿ ಕಳಚುತ್ತಿತ್ತು. ಅತ್ತೆಗೆ ಅದರ ಚಿಂತೆಯೇ ಇದ್ದಂತಿರಲಿಲ್ಲ. ಕಣ್ಣು ಮುಚ್ಚಿ, ತಲೆ ವಾರೆ ಮಾಡಿ ಕೇಳುತ್ತಿದ್ದರು. ಎಡಗಡೆಯದು ದಪ್ಪ ದನಿ, ಅದು ರಾಜ ಇರಬೇಕು ಎನ್ನುತ್ತಿದ್ದರು. ನೀರಿಗೆ ವಾಸನೆ ಇದೆ, ನೀನು ಹೇಳಲೇ ಇಲ್ಲವಲ್ಲ, ನೆನೆದ ಕಬ್ಬಿಣದ ವಾಸನೆ ಎನ್ನುತ್ತಿದ್ದರು. ನಾನು ಉಸಿರೆಳೆದು ನೋಡಿದೆ. ಇತ್ತು.

ಹಿಂತಿರುಗಲೇಬೇಕಾದ ಬೆಳಿಗ್ಗೆ ಮೇಷ್ಟ್ರು ನನ್ನ ಯಜಮಾನರನ್ನು ಕರೆದುಕೊಂಡು, ಶಿವಮೊಗ್ಗದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಲು ಹೋದರು. ಬೆಂಚಿನ ಮೇಲೆ ನಾವಿಬ್ಬರೇ, ನಡುವೆ ಬುಟ್ಟಿ. ಗಾಳಿಯೇನೂ ಬೀಸಿದ ನೆನಪಿಲ್ಲ... ಮಂಜು ಕೆಳಗಿನಿಂದ ತೆಳುವಾಗತೊಡಗಿತು. ಮೊದಲು ಕಣಿವೆಯ ತಳದ ಹಸಿರು, ಆಮೇಲೆ ಒದ್ದೆ ಬಂಡೆಯ ಕಪ್ಪು, ಅದರ ಮೇಲೆ ಎಡದ ತುದಿಯಲ್ಲಿ ಒಂದು, ಬಲದ ತುದಿಯಲ್ಲಿ ಒಂದು, ನಡುವೆ ಎರಡು. ನಾಲ್ಕೂ ತುಂಬಿ, ಬೆಳ್ಳಗೆ, ಅವಸರವೇ ಇಲ್ಲದ ಹಾಗೆ ಬೀಳುತ್ತಿದ್ದವು. ಅವುಗಳ ಮುಂದೆ ಸಣ್ಣ ಹಕ್ಕಿಗಳು ಹಾರುತ್ತಿದ್ದವು, ಹೆದರಿಕೆಯಿಲ್ಲದೆ. ನಾನೂ ಅದನ್ನು ಮೊದಲ ಸಲ ನೋಡುತ್ತಿದ್ದೆ ಎಂದರೆ ಸುಳ್ಳಲ್ಲ. ಕೇಳುವವರೊಬ್ಬರು ಪಕ್ಕದಲ್ಲಿದ್ದುದರಿಂದ ನನ್ನ ಕಣ್ಣಿಗೆ ಕೆಲಸ ಬಂದಿತ್ತು.

ಆದರೆ ಅತ್ತೆ ಏನೂ ಕೇಳಲಿಲ್ಲ. ಬುಟ್ಟಿಯಿಂದ ರಾಜ ರಾಣಿಯರನ್ನು ತೆಗೆದು, ಮುಖ ಆ ಕಡೆಗೆ ತಿರುಗಿಸಿ, ಕಟಕಟೆಯ ಮೇಲೆ ಎರಡು ಕೈಯಲ್ಲಿ ಹಿಡಿದು ನಿಲ್ಲಿಸಿಕೊಂಡರು. ತುಂತುರು ಬಂದು ನಾಲ್ವರ ಮೇಲೂ ಬೀಳುತ್ತಿತ್ತು. ಆ ಕಡೆಯಿಂದ ಕಣ್ಣು ತೆಗೆಯದೆ ಹೇಳಿದರು: "ಇಷ್ಟು ದೊಡ್ಡದನ್ನ ನೋಡ್ಬುಟ್ಟೂ ಈ ಹುಡುಗಿಗೆ ಹೇಳಕ್ಕೆ ಬರಲ್ವಲ್ಲ ಅಂತ ನಿನ್ನ ಮೇಲೆ ಬೇಜಾರಾಗಿತ್ತು ಕಣೇ. ಈಗ ನಂಗೂ ಬರಲ್ಲ."

ಮಂಜು ಮತ್ತೆ ಮೇಲೇರಿತು. ಮೇಷ್ಟ್ರು ಬಸ್ಸಿನ ಹೊತ್ತು ತಿಳಿದುಕೊಂಡು ಖುಷಿಯಾಗಿ ಬರುವಷ್ಟರಲ್ಲಿ ಎದುರಿಗೆ ಹಿಂದಿನಂತೆಯೇ ಬಿಳಿ ಪರದೆ. ನಮ್ಮ ಮುಖ ನೋಡಿಯೇ ಅವರಿಗೆ ತಿಳಿಯಿತು. ಜನ್ಮದಲ್ಲಿ ಒಂದು ಸಲವೂ ಕೇಳದವರು, ಅಂದು ಕೇಳಿದರು: "ಹೇಗಿತ್ತೇ?"

ಶಿವಮೊಗ್ಗದವರೆಗೆ, ಅಲ್ಲಿಂದ ಮೈಸೂರಿನವರೆಗೆ, ನಮ್ಮ ಹಿಂದಿನ ಸೀಟಿನಲ್ಲಿ ಪಿಸುಮಾತು ನಿಲ್ಲಲಿಲ್ಲ. ಅತ್ತೆ ಹೇಳುತ್ತಿದ್ದರು, ತಡವರಿಸುತ್ತಿದ್ದರು, ಅಲ್ಲ ಹಾಗಲ್ಲ ಎಂದು ಮೊದಲಿನಿಂದ ಶುರು ಮಾಡುತ್ತಿದ್ದರು. ಭೂಗೋಳದ ಮೇಷ್ಟ್ರು ಕೇಳುತ್ತಿದ್ದರು: ಕಲ್ಲಿಗೆ ತಾಗಿ ಬೀಳುತ್ತಾ, ನೇರವಾಗಿಯಾ? ಬಣ್ಣ ಪೂರ್ತಿ ಬಿಳಿಯಾ? ಅರಸೀಕೆರೆ ದಾಟುವಾಗ ನಾನು ತಿರುಗಿ ನೋಡಿದೆ. ಬುಟ್ಟಿ ಮೇಷ್ಟ್ರ ತೊಡೆಯ ಮೇಲಿತ್ತು.

ಮುಂದಿನ ವರ್ಷ ಮತ್ತೆ ಗೊಂಬೆಗಳೆಲ್ಲ ಹೊರಗೆ ಬಂದವು, ಘಟ್ಟ ಎದ್ದಿತು, ರಾಗಿ ಮೊಳೆಯಿತು. ಬಾಟಲಿ, ಕೊಳವೆ ಇರಲಿಲ್ಲ. ಬೆಟ್ಟದ ಮುಂದೆ ಒಂದು ರಾಶಿ ಅರಳೆ ಹರಡಿತ್ತು, ಅಷ್ಟೇ. ಜೋಗ ಎಲ್ಲಿ ಎಂದು ಕೇಳಿದ ನೆಂಟರಿಗೆಲ್ಲ ಅತ್ತೆಯದು ಒಂದೇ ಉತ್ತರ: "ಕಾಯ್ಬೇಕು." ಮೇಷ್ಟ್ರು ಆರಾಮ ಕುರ್ಚಿಯಲ್ಲಿ ಕೂತು ಅದನ್ನು ಕೇಳಿ ಪ್ರತಿ ಸಲವೂ ಹೊಸದಾಗಿ ನಗುತ್ತಿದ್ದರು. ನಿವೃತ್ತಿಯಾದ ಮೇಲೆ ಮತ್ತೆ ಹೋಗುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಮೇಷ್ಟ್ರ ಪಾಲಿನ ಜೋಗ, ಅದರಾಚೆ ಬಿಟ್ಟು ಬಂದ ಉಂಚಳ್ಳಿ, ಮಾಗೋಡು, ಸಾತೊಡ್ಡಿ. ನಿವೃತ್ತಿಯ ಹತ್ತಿರಕ್ಕೆ ಬಂದು ಮೇಷ್ಟ್ರು ಹೃದಯದ ಕಾಯಿಲೆಯಿಂದ ತೀರಿಕೊಂಡರು...

ನಾವು ಅಗ್ರಹಾರ ಬಿಟ್ಟು ಕುವೆಂಪುನಗರದಲ್ಲಿ ಸ್ವಂತ ಮನೆಗೆ ಬಂದಾಗ ಅತ್ತೆ ಗೃಹಪ್ರವೇಶಕ್ಕೆ ಬಂದರು. ಕೈಯಲ್ಲಿ ಅದೇ ಬೆತ್ತದ ಬುಟ್ಟಿ. ಅವರಿಗೆ ಇಬ್ಬರೂ ಗಂಡುಮಕ್ಕಳು; ಸೊಸೆಯರು ತಮ್ಮ ತಮ್ಮ ತಾಯಿ ಕೊಟ್ಟ ಪಟ್ಟದ ಗೊಂಬೆ ತಂದಿದ್ದರು. ಬುಟ್ಟಿಯನ್ನು ನನ್ನ ಮಡಿಲಿಗಿಟ್ಟು, "ಇದು ಮಗಳಿಗೆ ಕೊಡೋದು" ಎಂದರು. ನಾನು ಬೇಡವೆನ್ನಲಿಲ್ಲ, ಬೇಡವೆನ್ನಬೇಕೆನಿಸಲೂ ಇಲ್ಲ. ಆಮೇಲೆ ಎಷ್ಟೋ ದಸರೆಗಳಿಗೆ ಆಟೋ ಹತ್ತಿ ಆರತಿಗೆ ಬರುತ್ತಿದ್ದರು. ಬಂದವರು ಚಪ್ಪಲಿ ಬಿಡುವ ಮೊದಲೇ, ಈ ವರ್ಷ ಎಲ್ಲೆಲ್ಲಿಗೆ ಹೋಗಿದ್ದೆ, ಏನೇನು ನೋಡಿದೆ ಎಂದು ಶುರು ಮಾಡುತ್ತಿದ್ದರು. ತವರಿಗೆ ಹೋದರೂ, ಯಾರದೋ ಮದುವೆಗೆಂದು ಹೊಸ ಊರಿಗೆ ಹೋದರೂ, ಅತ್ತೆ ಏನು ಕೇಳಬಹುದು ಎಂದು ಯೋಚಿಸಿಕೊಂಡೇ ನೋಡುವುದು ನನಗೆ ಅಭ್ಯಾಸವಾಯಿತು. ಮೂಸಿ ನೋಡುತ್ತಿದ್ದೆ, ಕಿವಿಗೊಟ್ಟು ಕೇಳುತ್ತಿದ್ದೆ. ಎರಡು ವರ್ಷದ ಹಿಂದೆ, ಭಾದ್ರಪದದಲ್ಲಿ, ಅವರು ಹೋದರು.

ಮಗಳಿಗೆ ಇಷ್ಟೆಲ್ಲ ಹೇಳುವಷ್ಟರಲ್ಲಿ ಸಂಜೆಯಾಗಿತ್ತು. ಅವಳು ಮೊಬೈಲಿನಲ್ಲಿ ಏನೋ ತಿದ್ದುತ್ತಿದ್ದಳು. ನೋಡಿದರೆ, ಉಂಚಳ್ಳಿಯ ಮುಂಚೆ ಜೋಗ ಸೇರಿತ್ತು. "ಅಲ್ಲಿ ಒಂದು ದಿನ ಜಾಸ್ತಿ ಇಟ್ಕೊಂಡಿದೀನಿ. ಮಂಜಿದ್ರೆ ಕಾಯಕ್ಕೆ" ಎಂದಳು. ಆಮೇಲೆ ಎದ್ದು ಅಟ್ಟದ ಮೇಲಿನಿಂದ ಬೆತ್ತದ ಬುಟ್ಟಿ ಇಳಿಸಿ, ಧೂಳು ಒರೆಸಿ, ಮೇಜಿನ ಮೇಲಿಟ್ಟಳು.

ಪಾಡ್ಯದ ಮಾರನೆಯ ದಿನ ಹೊರಡುತ್ತಿದ್ದೇವೆ. ಮೇಷ್ಟ್ರು ನೋಡದೇ ಹೋದ ಜೋಗ, ಅತ್ತೆ ಬಿಟ್ಟುಕೊಟ್ಟ ಉಂಚಳ್ಳಿ, ಮಾಗೋಡು, ಸಾತೊಡ್ಡಿ, ಎಲ್ಲವನ್ನೂ ಸರಿಯಾಗಿ ನೋಡಿಕೊಂಡು ಬರುತ್ತೇನೆ. ಉಂಚಳ್ಳಿಯಲ್ಲಿ ನೀರು ನೇರ ಬೀಳುತ್ತದೋ, ಕಲ್ಲಿಗೆ ತಾಗಿ ಬೀಳುತ್ತದೋ. ಸಾತೊಡ್ಡಿಯ ಹತ್ತಿರ ನಿಂತರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತದೋ. ಮಾಗೋಡಿನ ನೀರಿಗೂ ಅದೇ ಕಬ್ಬಿಣದ ವಾಸನೆಯೋ, ಬೇರೆಯೋ. ಒಂದನ್ನೂ ಬಿಡುವುದಿಲ್ಲ. ಇಷ್ಟೆಲ್ಲ ತಿಳಿದುಕೊಂಡು ಮನೆಗೆ ಬಂದಾಗ, ಚಪ್ಪಲಿ ಬಿಡುವ ಮೊದಲೇ ಕೇಳುವವರು ಮಾತ್ರ ಇಲ್ಲ.